ಕೂಗುವ ರಕ್ತ

ನಮ್ಮೂರಲ್ಲಿ ಎಲ್ಲರ ರಕ್ತವೂ ಕೇಳಿಸುತ್ತದೆ. ಆರೋಗ್ಯವಂತರದು ಬರೀ ಪಿಸುಗುಟ್ಟುತ್ತದೆ. ಹೆರಿಗೆಯಾಗಿ ಐದು ತಿಂಗಳಾದ ಶಾಂಭವಿಯದು ಮಾತ್ರ ಕುಕ್ಕರಿನ ಸೀಟಿಯ ಹಾಗೆ ಓಣಿಯ ತುದಿಯವರೆಗೂ ಕೇಳುತ್ತಿತ್ತು.

“ರಕ್ತ ನೋಡಿದ್ರ ಇಷ್ಟು ಜೋರು, ನಿದ್ದಿ ನೋಡಿದ್ರ ಕುಂಭಕರ್ಣಂದು,” ಎಂದು ಅತ್ತೆ ಗುರುಬಸವ್ವ ಕೋಣೆಯ ಬಾಗಿಲಲ್ಲಿ ನಿಂತು ಗೊಣಗಿದಳು.

ಶಾಂಭವಿ ತೊಡೆಯ ಮೇಲೆ ಮಗುವನ್ನಿಟ್ಟುಕೊಂಡು ಕುಳಿತಿದ್ದಳು. ಬೆಳಿಗ್ಗೆ ಹಾಲೂಡಿಸುವಾಗ ಅವಳು ತೂಕಡಿಸಿ, ಮಗು ಜಾರಿತ್ತು. ಕೆಳಗೆ ಹಾಸಿಗೆಯಿದ್ದದ್ದರಿಂದ ಪೆಟ್ಟಾಗಲಿಲ್ಲ. ಅದನ್ನವಳು ಯಾರಿಗೂ ಹೇಳಿರಲಿಲ್ಲ.

ರಕ್ತದ ಸದ್ದು ಕೇಳಲು ಬಂದಿದ್ದ ನರ್ಸ್ ಮಾರ್ಥಾ ಅವಳ ಕುತ್ತಿಗೆಯ ಹತ್ತಿರ ಕಿವಿಯಿಟ್ಟು ಹುಬ್ಬು ಗಂಟಿಕ್ಕಿದಳು. “ಡಾಕ್ಟರು ಕೊಟ್ಟ ಥೈರಾಯ್ಡ್ ಗುಳಿಗಿ ತಗೋತಿಲ್ಲೇನವಾ?”

“ಬಿಟ್ಟೇನ್ರೀ. ಹಡೆದ ಹೊಸದ್ರಾಗ ಗ್ರಂಥಿ ಜೋರಾಗಿ ಎದಿ ಡವಡವ ಅಂತಿತ್ತಲ್ರೀ. ಈಗ ನೋಡಿದ್ರ ಈ ಸಪ್ಪಳ ಜೋರಾಗೇತಿ. ಗುಳಿಗಿ ನುಂಗಿದ್ರ ಇನ್ನೂ ಹೆಚ್ಚಾದೀತು ಅಂತ ಅಂಜಿದೆ.”

“ಆಗ ಸಪ್ಪಳ ಇತ್ತೇನು?”

ಇರಲಿಲ್ಲ. ಆಗ ಅವಳ ರಕ್ತ ಪಿಸುಗುಟ್ಟುತ್ತಲೂ ಇರಲಿಲ್ಲ. ಮನೆಮಂದಿ ಆ ಮೌನವನ್ನು ನೆಮ್ಮದಿ ಎಂದುಕೊಂಡಿದ್ದರು.

“ಈ ಸಪ್ಪಳ ಟಿಎಸ್‌ಎಚ್‌ದು, ತಲಿ ಗ್ರಂಥಿಗೆ ಕಳಸೂ ಹಾರ್ಮೋನಿಂದು. ಕೂಗೂದು ಗ್ರಂಥಿ ಅಲ್ಲವಾ, ತಲಿ. ಆಗ ಗ್ರಂಥಿ ಜೋರಿತ್ತು, ತಲಿ ಸುಮ್ಮನಿತ್ತು; ಈಗ ಗ್ರಂಥಿ ಮಲಗೇತಿ, ಏಳವಲ್ದು, ಅದಕ್ಕ ನಿನಗೂ ಇಷ್ಟು ನಿದ್ದಿ. ಅದನ್ನ ಎಬ್ಬಸಾಕ ತಲಿ ಹಿಂಗ ಒದರತೈತಿ. ಗ್ರಂಥಿ ಕೊಡೂದನ್ನ ಗುಳಿಗಿ ಕೊಟ್ರ ತಲಿ ತಣ್ಣಗಾಗತೈತಿ, ಬಿಡಬ್ಯಾಡ. ಹಾಲೂಡಸಾಕ ಏನೂ ತೊಂದ್ರಿಲ್ಲ.”

“ನುಂಗಿದ್ರ ಈ ನಿದ್ದಿ ಇವತ್ತ ನಿಲ್ತೈತ್ರೀ?”

“ವಾರಗಟ್ಲೆ ಬೇಕು.”

ಶಾಂಭವಿ ತೊಡೆಯ ಮೇಲಿನ ಮಗುವನ್ನು ನೋಡಿದಳು. “ಅಲ್ಲೀತನಕ ಕೂಸನ್ನ ಹೆಂಗ ಹಿಡೀಲಿ? ಮುಂಜಾನೆ ಕೈಯಿಂದ ಜಾರಿತ್ರೀ.”

ಗುರುಬಸವ್ವ ಬಾಗಿಲು ಬಿಟ್ಟು ಒಳಗೆ ಬಂದಳು. ಸೊಸೆಯ ಪಕ್ಕ ಕುಳಿತು, ಮಗುವಿನ ಕೆಳಗೆ ತನ್ನ ಎರಡೂ ಕೈ ಚಾಚಿದಳು.

“ಕುಡಸವಾ,” ಎಂದಳು. “ನಿದ್ದಿ ಬಂದ್ರ ಬರ್ಲಿ.”