ಟವಲಿನಡಿಯ ಮಾತು

"ಪೂರಾ ದುಡ್ಡಿದ್ರೆ ಈಗ್ಲೇ ಹೇಳಮ್ಮ. ಮನೆ ಕೊಳ್ಳಾಕೆ ಗೋರಂಟ್ಲದವ್ರು ಸಂಜೇಗೆ ಬತ್ತಾರೆ, ಆಮೇಲೆ ನನ್ನ ಬೈಬ್ಯಾಡ," ಎಂದು ಮನೆಯೊಡೆಯ ವೆಂಕಟರಾಯಪ್ಪ ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡ. ಗುರುಶಾಂತಮ್ಮನ ಕಣ್ಣು ಅದರ ಹಿಂದೆಯೇ ಹೋಯಿತು. ಹಿಂದೂಪುರದ ಈ ಎರಡಂಕಣದ ಮನೆಗೆ, ಗಂಡನ ಮೇಷ್ಟರಿಕೆಯ ಸಂಬಳದಲ್ಲಿ ಕೂಡಿಟ್ಟದ್ದು ಸಾಲದಾಗಿತ್ತು. ಪಕ್ಕದಲ್ಲೇ ಅಪ್ಪ ಕೂತಿದ್ದರೂ ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ಹುಣಸೆಹಣ್ಣಿನ ಮಂಡಿಯ ದಲ್ಲಾಳಿ ದೊಡ್ಡಬಸಪ್ಪ ಹೆಗಲ ಟವಲು ತೆಗೆದು ಮಗಳ ಕೈಮೇಲೆ ಹೊದಿಸಿ, ಅದರಡಿಗೆ ತನ್ನ ಕೈ ತೂರಿಸಿದ. ಮಂಡಿಯಲ್ಲಿ ದರ ಕುದುರಿಸುವುದೇ ಹಾಗೆ. ಬಾಯಿ ಬಿಡುವಂತಿಲ್ಲ, ಬೆರಳೇ ಮಾತಾಡಬೇಕು. ಚಿಕ್ಕಂದಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತೇ ಅವಳು ಅದನ್ನು ಕಲಿತಿದ್ದಳು. ಬೆರಳಿಗೊಂದು ನೂರು ಎಂದುಕೊಂಡು, ತಲೆ ತಗ್ಗಿಸಿ, ಕಡಿಮೆ ಬಿದ್ದ ಮುನ್ನೂರಕ್ಕೆ ಅಪ್ಪನ ಮೂರು ಬೆರಳು ಹಿಡಿದಳು.

ಅಪ್ಪ ಅವಳ ಐದೂ ಬೆರಳುಗಳನ್ನು ಒಟ್ಟಿಗೆ ಅಮುಕಿದ.

"ಅಪ್ಪಾ, ಮೂರೇ ಸಾಕು!" ನಾಚಿಕೆ ಮರೆತು ವೆಂಕಟರಾಯಪ್ಪನೆದುರೇ ಕೂಗಿಬಿಟ್ಟಳು.

"ಲೇ ಹುಚ್ಚೀ, ಹಿತ್ಲಾಗೆ ಬಾವಿ ತೋಡಿಸ್ಬ್ಯಾಡ್ವಾ? ನೀರಿಗೂ ನಮ್ಮನೇಗೇ ಬತ್ತೀಯಾ?" ದೊಡ್ಡಬಸಪ್ಪ ನಗುತ್ತಾ ಟವಲು ಕೊಡವಿ ಹೆಗಲಿಗೇರಿಸಿದ. "ಏನ್ ನೋಡ್ತೀಯ ವೆಂಕಟರಾಯಪ್ಪ? ಬೀಗದ ಕೈ ನಮ್ಮ ಹುಡುಗೀಗೆ ಕೊಡು."