ಶಾಲೆಯಷ್ಟೇ ಚೆನ್ನಾಗಿ

ಅರ್ಜಿ ವಾಪಸ್ ಬಂದಿತ್ತು. ರಾಹೆರಾ ಬಾಗಿಲಲ್ಲೇ ನಿಂತು ಕಾಗದ ಓದಿದಳು, ಓದಿ ಮುಗಿಸಿ ಅಡುಗೆಮನೆಯ ಮೇಜಿನ ಮೇಲೆ ರಪ್ಪನೆ ಬಡಿದಳು. ಮಗಳನ್ನು ಮನೆಯಲ್ಲೇ ಓದಿಸಬೇಕಾದರೆ, ನೋಂದಾಯಿತ ಶಾಲೆಯಲ್ಲಿ ಕಲಿಸುವಷ್ಟೇ ಕ್ರಮವಾಗಿ, ಅಷ್ಟೇ ಚೆನ್ನಾಗಿ ಕಲಿಸುತ್ತೇವೆಂದು ತೋರಿಸಬೇಕು. ನ್ಯೂಜಿಲೆಂಡಿನ ಕಾನೂನು ಹಾಗನ್ನುತ್ತದೆ. ನಿಮ್ಮ ಅರ್ಜಿಯಲ್ಲಿ ಅದು ಕಾಣುತ್ತಿಲ್ಲ. ಒಪ್ಪಿಗೆ ಸಿಗುವ ತನಕ ಮಗು ಶಾಲೆಗೆ ಹೋಗಲೇಬೇಕು.

ಹೋಗಲೇಬೇಕಂತೆ! ಎಂಟು ವರ್ಷದ ಕಾಹು ಎರಡು ತಿಂಗಳಿಂದ ಬೆಳಿಗ್ಗೆ ಶಾಲೆಯ ಗೇಟು ಕಂಡರೆ ಸಾಕು, ತಿಂದದ್ದನ್ನೆಲ್ಲ ಕಕ್ಕಿಬಿಡುತ್ತಿದ್ದಳು. ಹುಡುಗಿಗೆ ಮಾತು ತೊದಲುತ್ತದೆ, ಯಾರೋ ಅಣಕಿಸುತ್ತಿರಬೇಕು ಎಂದಷ್ಟೇ ರಾಹೆರಾ ಅಂದುಕೊಂಡಿದ್ದಳು. ಬಾಯಿ ಒರೆಸಿ ಒಳಗೆ ಬಿಟ್ಟು ಬರುವುದು, ತಾನು ಕೆಲಸಕ್ಕೆ ಹೋಗುವ ಕಿವಿ ಹಣ್ಣಿನ ಶೆಡ್ಡಿನಲ್ಲಿ ದಿನವಿಡೀ ಪೆಟ್ಟಿಗೆ ತುಂಬುತ್ತ ಸಂಕಟಪಡುವುದು. ಇನ್ನು ಸಾಕು ಎಂದೇ ಅರ್ಜಿ ಹಾಕಿದ್ದಳು.

ಕಾಗದದ ಕೆಳಗಿದ್ದ ನಂಬರಿಗೆ ಫೋನ್ ಮಾಡಿದಳು. ಎತ್ತಿಕೊಂಡವನು ಶಿಕ್ಷಣ ಇಲಾಖೆಯ ಕಚೇರಿಯ ಗ್ರೇಮ್.

"ನಾಲ್ಕು ಹಾಳೆ ಬರ್ದು ಕೊಟ್ಟಿದ್ದೀನಿ. ಇನ್ನೇನ್ರೀ ಕಮ್ಮಿ ಆಯ್ತು?"

"ಅಜ್ಜಿ ಜೊತೆ ನಾರಿನ ಬುಟ್ಟಿ ಹೆಣೀತಾ ಲೆಕ್ಕ, ಸಾಕು ಅನ್ನಿಸೋವರೆಗೂ ಓದು... ಎಲ್ಲ ಚೆನ್ನಾಗೇ ಇದೆಯಮ್ಮ. ಆದ್ರೆ ಕ್ರಮ ಎಲ್ಲಿದೆ? ಎಷ್ಟು ಗಂಟೆಗೆ ಏನು, ವೇಳಾಪಟ್ಟಿ ಬೇಕು."

"ಗಂಟೆ ನೋಡ್ಕೊಂಡೇ ಕೂರಿಸ್ತೀನಿ, ನನ್ನ ಮಾತು ನಂಬಿ."

"ಬಾಯಿಮಾತು ನಡೆಯಲ್ಲ. ಬರವಣಿಗೇಲಿ ಕೊಡಿ."

"ಶಾಲೇಲಿ ಹೇಗೋ ಹಾಗೇನಾ?"

"ಶಾಲೇಲಿ ಹೇಗೋ ಹಾಗೆ," ಎಂದು ಗ್ರೇಮ್ ಫೋನ್ ಇಟ್ಟ.

ಆಯ್ತು, ಹಾಗೇ ಆಗಲಿ ಎಂದುಕೊಂಡು ರಾಹೆರಾ ಹಾಳೆ ತೆಗೆದು ಗೆರೆ ಎಳೆದಳು. ಸಂಜೆ ಮಗಳು ಬಂದ ಕೂಡಲೇ ಬ್ರೆಡ್ಡಿಗೆ ಬೆಣ್ಣೆ ಸವರಿ ಕೈಗಿತ್ತು ಎದುರಿಗೆ ಕೂರಿಸಿಕೊಂಡಳು.

"ಒಂಬತ್ತಕ್ಕೆ ನಿಮ್ಮ ಕ್ಲಾಸಲ್ಲಿ ಏನು ಪುಟ್ಟಿ?"

"ಓ... ಓದೋದು."

"ಎಷ್ಟು ಹೊತ್ತು?"

"ಹತ್ತೂವರೆ ತನಕ. ಆದ್ರೆ ಬೇ... ಬೇರೆಯವ್ರಿಗೆ. ನಾನು ಹೊ... ಹೊ... ಹೊರಗೆ."

ಪೆನ್ಸಿಲು ನಿಂತಿತು. "ಹೊರಗೆ ಅಂದ್ರೆ?"

"ಬ್ಯಾಗು ತೂ... ತೂಗುಹಾಕೋ ಕಡೆ. ನನ್ನ ಸರದಿ ಬಂದ್ರೆ ಎಲ್ರ ಟೈಮೂ ಹಾ... ಹಾಳಂತೆ. ಸರಿಯಾಗಿ ಓದೋಕೆ ಬಂದ್ಮೇಲೆ ಒ... ಒಳಗೆ ಬಾ ಅಂದ್ರು ಮಿಸ್ಸು."

ರಾಹೆರಾಳಿಗೆ ಮೈಯೆಲ್ಲ ಉರಿದುಹೋಯಿತು. ಆ ಮಿಸ್ಸನ್ನು ಜುಟ್ಟು ಹಿಡಿದು ಅದೇ ಬ್ಯಾಗುಗಳ ಕೆಳಗೆ ಕೂರಿಸಬೇಕೆನ್ನಿಸಿತು. ಅದಕ್ಕಿಂತ ಹೆಚ್ಚು ಸಿಟ್ಟು ತನ್ನ ಮೇಲೆಯೇ ಬಂತು. ದಿನಾ ಬೆಳಿಗ್ಗೆ ಮಗುವನ್ನು ಆ ಗೇಟಿನೊಳಗೆ ನೂಕಿದ್ದು ತನ್ನದೇ ಕೈ. ಅತ್ತರೆ ಮಗಳು ಮಾತು ನಿಲ್ಲಿಸಿಬಿಟ್ಟಾಳೆಂದು ಹಲ್ಲು ಕಚ್ಚಿಕೊಂಡು ಶಾಲೆ ಬಿಡುವ ಮೂರು ಗಂಟೆಯ ಬೆಲ್ಲಿನವರೆಗಿನ ಒಂದೊಂದು ಗಂಟೆಯನ್ನೂ ಕೇಳುತ್ತಲೇ ಹೋದಳು. ಹೇಳಿದ್ದನ್ನು ಹೇಳಿದ ಹಾಗೇ ಬರೆದಳು. ಮರುದಿನ ಬೆಳಿಗ್ಗೆ ಪಟ್ಟಿಯನ್ನು ಕಚೇರಿಗೆ ಕಳಿಸಿದಳು. ಕಾಹುವನ್ನು ಶಾಲೆಗೆ ಕಳಿಸಲಿಲ್ಲ. ಕೇಸು ಹಾಕುವುದಿದ್ದರೆ ಹಾಕಿಕೊಳ್ಳಲಿ.

ಎರಡು ದಿನ ಬಿಟ್ಟು ಗ್ರೇಮ್ ತಾನೇ ಫೋನ್ ಮಾಡಿದ. ಈ ಸಲ ಅವನ ದನಿಯೇ ಗಡುಸಾಗಿತ್ತು.

"ಏನಮ್ಮ ಇದು? ಒಂಬತ್ತರಿಂದ ಹತ್ತೂವರೆ, ಕಾರಿಡಾರಿನಲ್ಲಿ ಒಬ್ಬಳೇ ಕೂರುವುದು. ಹನ್ನೊಂದರಿಂದ ಹನ್ನೆರಡು, ಮತ್ತೆ ಕಾರಿಡಾರು, ಬಣ್ಣ ಹಚ್ಚುವ ಹಾಳೆ. ತಮಾಷೆ ಮಾಡ್ತಿದ್ದೀರಾ? ಯಾವ ಮಗೂನೂ ಹೀಗೆ ಕೂರಿಸೋಕೆ ನಾವು ಒಪ್ಪಲ್ಲ!"

"ಒಪ್ಪಲ್ವಾ?"

"ಸುತರಾಂ ಒಪ್ಪಲ್ಲ. ಇದಕ್ಕೆ ಪಾಠ ಅಂತಾರಾ? ಇಂಥ ಮನೇಲಿ ಮಗೂನ ಬಿಡೋಕೇ ಯೋಚನೆ ಮಾಡ್ಬೇಕು."

"ಅದು ನಮ್ಮನೆ ಪಟ್ಟಿ ಅಲ್ಲ ಗ್ರೇಮ್. ನಿಮ್ಮ ನೋಂದಾಯಿತ ಶಾಲೇದು. ಅವಳು ಅಲ್ಲಿ ಮಾಡೋದನ್ನ ಒಂದಕ್ಷರ ಬಿಡದೆ ಬರ್ದಿದ್ದೀನಿ. ಅಷ್ಟೇ ಕ್ರಮವಾಗಿ, ಅಷ್ಟೇ ಚೆನ್ನಾಗಿ."

ಕಾಹು ಅಮ್ಮನ ಪಕ್ಕಕ್ಕೆ ಬಂದು ನಿಂತಳು.

"ಈಗ ಹೇಳಿದ್ರಲ್ಲ, ಯಾವ ಮಗೂನೂ ಹೀಗೆ ಕೂರಿಸೋಕೆ ಒಪ್ಪಲ್ಲ ಅಂತ. ಅದನ್ನೇ ಸಹಿ ಹಾಕಿ ಬರವಣಿಗೇಲಿ ಕೊಡಿ. ಒಂದು ನನಗೆ, ಒಂದು ಆ ಶಾಲೆಗೆ. ಬಾಯಿಮಾತು ನಡೆಯಲ್ಲ."

"ಅದು... ಅದು ಏನಂದ್ರೆ... ನಾನು... ನಾವು..."

"ನಿಧಾನಕ್ಕೆ ಹೇಳಿ ಗ್ರೇಮ್, ಕಾಯ್ತೀನಿ," ಎಂದಳು ರಾಹೆರಾ. "ಮಾತು ತಡವರಿಸಿದ್ರೆ ನಮ್ಮನೇಲಿ ಯಾರನ್ನೂ ಹೊರಗೆ ಕೂರಿಸಲ್ಲ."