ಕಾರ್ಖಾನೆಯ ಹಿಂದಿನ ಹುತ್ತ

ಕಾರ್ಖಾನೆಯ ಹಿಂದಿನ ಎರಡೆಕರೆಯನ್ನು ಹಕ್ಕಿ, ಚಿಟ್ಟೆ, ಹಾವುಗಳಿಗೆಂದು ಕಾಡು ಬೆಳೆಯಲು ಬಿಟ್ಟು, ಅದನ್ನು ನೋಡಿಕೊಳ್ಳಲು ಕಂಪನಿ ಮೇದಿನಿಯನ್ನು ನೇಮಿಸಿತ್ತು. ಈಗ ಅಲ್ಲಿನ ದೊಡ್ಡ ಹುತ್ತ ಮುಖ್ಯ ಕಚೇರಿಯವರ ಕಣ್ಣಿಗೆ ಬಿದ್ದಿತ್ತು.

“ಅತಿಥಿಗಳು ಬರುವಾಗ ಅದು ಚಂದ ಕಾಣುವುದಿಲ್ಲವಂತೆ. ನಾಳೆ ಬೆಳಿಗ್ಗೆ ಜೇಸಿಬಿ ಬರ್ತದೆ,” ಎಂದರು ಮ್ಯಾನೇಜರ್ ಮಥಾಯಸ್.

“ಸರ್, ಅದರೊಳಗೆ ಉಡ ಮೊಟ್ಟೆ ಇಟ್ಟಿದೆ.”

“ಉಡಕ್ಕೆ ನಮ್ಮ ಕಂಪನಿ ಸಂಬಳ ಕೊಡ್ತದಾ? ಇಲ್ಲವಲ್ಲ. ನಾನೆಂತ ಮಾಡ್ಲಿ ಮಾರಾಯ್ತಿ, ಮೇಲಿನವರ ಆರ್ಡರ್.”

ಪೂಜೆಯಾದ ಹುತ್ತವನ್ನು ಆ ಊರಿನ ಯಾವ ಜೇಸಿಬಿ ಚಾಲಕನೂ ಮುಟ್ಟುವುದಿಲ್ಲ ಎಂಬುದು ಮೇದಿನಿಗೆ ಗೊತ್ತಿತ್ತು. ಪ್ರಾಣಿಶಾಸ್ತ್ರದ ಪದವಿಯನ್ನು ಮನೆಯಲ್ಲೇ ಬಿಟ್ಟು, ಮರುದಿನ ನಸುಕಿನಲ್ಲಿ ಅರಿಶಿನ, ಕುಂಕುಮ, ಒಂದು ಮೊಳ ಸೇವಂತಿಗೆ ಹಿಡಿದು ಕಳ್ಳಿಯಂತೆ ಹಿಂದಿನ ಗೇಟಿನಿಂದ ನುಸುಳಿದಳು.

ಹುತ್ತದ ಬಳಿ ಯಾರೋ ಬೂಟು ಕಳಚಿಟ್ಟಿದ್ದರು. ಮೊಣಕೈವರೆಗೂ ಅರಿಶಿನ ಮೆತ್ತಿಕೊಂಡಿದ್ದ ಮಥಾಯಸ್ ತಿರುಗಿ ನೋಡಿದರು.

“ನೀನು ಬಂದದ್ದು ಒಳ್ಳೇದಾಯ್ತು. ಈ ಕುಂಕುಮ ಮೇಲೆ ಹಚ್ಚುವುದಾ, ಕೆಳಗಾ? ನಮ್ಮ ಚರ್ಚಲ್ಲಿ ಇದನ್ನು ಹೇಳಿಕೊಡ್ಲಿಲ್ಲ.”